ಗೋಲಿ ಲೂಪಿನ ತುದಿ ಮುಟ್ಟುವುದಿಲ್ಲ, ಯಾಕೆ?

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ ಪೈಪ್ ಸೀಳಿ ರೋಲರ್ ಕೋಸ್ಟರ್ ಮಾಡಿದ್ದೇವೆ. ಲೂಪಿನ ಎತ್ತರ 30 ಸೆಂ.ಮೀ. ಗೋಲಿಯನ್ನೂ 30 ಸೆಂ.ಮೀ. ಎತ್ತರದಿಂದಲೇ ಬಿಡುತ್ತೇವೆ. ತುದಿ ಮುಟ್ಟುವ ಮೊದಲೇ ಬೀಳುತ್ತದೆ. ಶಕ್ತಿ ನಾಶವಾಗುವುದಿಲ್ಲ ಅಂತೀರಲ್ಲ, ಅದು ಎಲ್ಲಿ ಹೋಯಿತು?

ಹುಬ್ಬಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಪ್ರದರ್ಶನದ ದಿನಗಳು ಬಂದರೆ ಸಾಕು, ಕುಂದಗೋಳದಿಂದ, ನವಲಗುಂದದಿಂದ ಇದೇ ಪ್ರಶ್ನೆ. ಮತ್ತೊಮ್ಮೆ ಹೇಳುತ್ತೇನೆ: ಇನ್ನೂ ಮೇಲಿನಿಂದ ಬಿಡಿ. ಜಾರುವ ವಸ್ತುವಿಗೆ ಲೂಪಿನ ತ್ರಿಜ್ಯದ 2.5 ಪಟ್ಟು ಎತ್ತರ ಬೇಕು. ನಿಮ್ಮ ತ್ರಿಜ್ಯ 15, ಅಂದರೆ 37.5 ಸೆಂ.ಮೀ. ಗೋಲಿ ಉರುಳುತ್ತದೆ, ಉರುಳುವುದಕ್ಕೂ ಶಕ್ತಿಯ ಒಂದು ಪಾಲು ಹೋಗುತ್ತದೆ. ಹಾಗಾಗಿ 40.5. ಗೋಲಿ ದೊಡ್ಡದೋ ಸಣ್ಣದೋ, ಭಾರವೋ ಹಗುರವೋ, ಲೆಕ್ಕ ಬದಲಾಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಬರುವ ಮಾತು: "ಸರ್, ಅದು ಘರ್ಷಣೆಯಿಂದ. ಎಣ್ಣೆ ಹಚ್ಚಿದರೆ ಹೋಗುತ್ತೆ." ಅಲ್ಲ! ಎಷ್ಟೋ ಮಾದರಿಗಳ ಪಕ್ಕದ ಚಾರ್ಟಿನಲ್ಲಿ ಇದನ್ನೇ ಬರೆದಿರುತ್ತಾರೆ. ಓದಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಘರ್ಷಣೆ ಸ್ವಲ್ಪ ಶಕ್ತಿ ತಿನ್ನುತ್ತದೆ, ಸರಿ. ಆದರೆ ಅದನ್ನು ಪೂರ್ತಿ ತೆಗೆದುಹಾಕಿ ನೋಡೋಣ.

ನೃಪತುಂಗ ಬೆಟ್ಟದ ಇಳಿಜಾರಿನಲ್ಲಿ ಸೈಕಲ್ ಬಿಟ್ಟವರಿಗೆ ಎತ್ತರ ವೇಗವಾಗುವುದನ್ನು ವಿವರಿಸಬೇಕಿಲ್ಲ. ಅದೇ ವೇಗ ಏರುವಾಗ ಮತ್ತೆ ಎತ್ತರವಾಗುತ್ತದೆ. 30ರಿಂದ ಬಿಟ್ಟದ್ದು 30 ಮುಟ್ಟಬೇಕಾದರೆ ತುದಿಯಲ್ಲಿ ಅದರ ವೇಗ ಸೊನ್ನೆಯಾಗಬೇಕು. ವೇಗವೇ ಇಲ್ಲದ ಗೋಲಿ ಪೈಪಿಗೆ ತಲೆಕೆಳಗಾಗಿ ಅಂಟಿಕೊಂಡು ನಿಲ್ಲುತ್ತದೆಯೇ? ನೀರಿನ ಚರಗಿಗೆ ಹಗ್ಗ ಕಟ್ಟಿ ತಿರುಗಿಸಿದ್ದೀರಿ, ಅಲ್ವಾ? ಜೋರಾಗಿ ತಿರುಗಿಸಿದರೆ ಒಂದು ಹನಿಯೂ ಚೆಲ್ಲುವುದಿಲ್ಲ. ನಿಧಾನ ಮಾಡಿದರೆ ನೀರು ತಲೆ ಮೇಲೆ. ವೇಗ ಕಡಿಮೆಯಾದಾಗ ಪೈಪಿನ ಬಾಗಿಗಿಂತ ಜಾಸ್ತಿಯಾಗಿ ಗುರುತ್ವ ಗೋಲಿಯ ದಾರಿಯನ್ನು ಬಾಗಿಸುತ್ತದೆ. ಗೋಲಿ ಪೈಪ್ ಬಿಡುತ್ತದೆ.

ಎಲ್ಲಿ ಬಿಡುತ್ತದೆ ಅಂತಲೂ ಲೆಕ್ಕ ಹಾಕಬಹುದು. ಘರ್ಷಣೆ ಸೊನ್ನೆ, ಗೋಲಿ ಬರೀ ಜಾರುತ್ತಿದೆ ಅಂದುಕೊಳ್ಳಿ. ಸರಿಯಾಗಿ 25 ಸೆಂ.ಮೀ. ಎತ್ತರದಲ್ಲಿ ಅದು ಪೈಪಿನಿಂದ ಬೇರೆಯಾಗುತ್ತದೆ. ಅಲ್ಲಿಂದ ಎಸೆದ ಕಲ್ಲಿನ ಹಾಗೆ ಹಾರಿ ಹೆಚ್ಚೆಂದರೆ 27.8ರವರೆಗೆ ಏರಿ ಕೆಳಗೆ ಬರುತ್ತದೆ. ಉಳಿದ 2.2 ಸೆಂ.ಮೀ. ಎಲ್ಲಿ? ಆ ಗಳಿಗೆಯಲ್ಲೂ ಗೋಲಿ ಅಡ್ಡಕ್ಕೆ ಓಡುತ್ತಿದೆಯಲ್ಲ, ಶಕ್ತಿ ಅಲ್ಲಿದೆ. ಒಂದು ಚೂರೂ ಕಳೆದಿಲ್ಲ. ಎಣ್ಣೆ ಹಚ್ಚಿ ಯಾವುದನ್ನು ಉಳಿಸುತ್ತೀರಿ?

ಇನ್ನೊಂದು ಪ್ರಶ್ನೆ ಇದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ದೊಡ್ಡ ರೋಲರ್ ಕೋಸ್ಟರ್‌ಗಳ ಲೂಪ್ ಯಾಕೆ ಪೂರ್ತಿ ಗುಂಡಗಿರುವುದಿಲ್ಲ? ಗುಂಡಗಿನ ಲೂಪನ್ನು ಬೇಕಾದಷ್ಟೇ ವೇಗದಲ್ಲಿ ದಾಟಿದರೂ ಬುಡದಲ್ಲಿ ಸೀಟು ನಮ್ಮನ್ನು ತೂಕದ 6 ಪಟ್ಟು ಬಲದಿಂದ ಒತ್ತುತ್ತದೆ. 50 ಕಿಲೋ ಹುಡುಗನಿಗೆ ತಾನು 300 ಕಿಲೋ ಆದ ಹಾಗೆ. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1895ರಲ್ಲಿ ಬಂದ 'ಫ್ಲಿಪ್ ಫ್ಲಾಪ್' ಗುಂಡಗೇ ಇತ್ತು. ಕುಳಿತವರ ಕುತ್ತಿಗೆ ಉಳುಕುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ 'ಗ್ರೇಟ್ ಅಮೆರಿಕನ್ ರೆವಲ್ಯೂಷನ್'ಗೆ ಜರ್ಮನಿಯ ವರ್ನರ್ ಸ್ಟೆಂಗೆಲ್ ನೀರಹನಿಯ ಆಕಾರದ ಲೂಪ್ ಕೊಟ್ಟರು. ಬುಡದಲ್ಲಿ ಅಗಲ ತಿರುವು, ತುದಿಯಲ್ಲಿ ಇಕ್ಕಟ್ಟು ತಿರುವು. ಎಷ್ಟು ಚೆಂದದ ಉಪಾಯ!

ನಿಮ್ಮ ಪೈಪನ್ನೂ ಹಾಗೆ ಬಗ್ಗಿಸಿ. ಎತ್ತರ ಅದೇ 30 ಇರಲಿ, ತುದಿಯ ತ್ರಿಜ್ಯ 8 ಮಾಡಿ. ಆಗ ಲೆಕ್ಕದ ಪ್ರಕಾರ 40.5 ಬೇಡ, 35.6 ಸಾಕು. ಪೈಪಿನ ಘರ್ಷಣೆಗೆ ಇನ್ನೊಂದಿಷ್ಟು ಸೇರಿಸಿ ಬಿಟ್ಟು ನೋಡಿ. ಎರಡೂ ಲೂಪುಗಳನ್ನು ಪಕ್ಕಪಕ್ಕ ಇಡಿ, ಚಾರ್ಟಿನಲ್ಲಿ ಎರಡೂ ಅಳತೆ ಬರೆಯಿರಿ.