‘ಎಷ್ಟು ಹೊತ್ತು ಬರುತ್ತೆ?’ ಅಂತ ಕೇಳಿ ಯುಪಿಎಸ್ ತಗೋಬೇಡಿ

ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು 18 ವರ್ಷವಾಯಿತು. ಮಳೆ ಹಿಡಿದ ಮೊದಲ ವಾರ ಅಂಗಡಿಗೆ ಬರುವವರ ಕೈಯಲ್ಲಿ ಎರಡೇ ಸಾಮಾನು. ಒಂದು, ಸಿಡಿಲಿಗೆ ಸುಟ್ಟ ರೂಟರ್. ಇನ್ನೊಂದು, ಕರೆಂಟ್ ಹೋದ ಕೂಡಲೇ ತಾನೂ ಹೋಗುವ ಯುಪಿಎಸ್. ಲಿಂಗನಮಕ್ಕಿ ಅಣೆಕಟ್ಟೆ ನಮ್ಮ ತಾಲ್ಲೂಕಿನದೇ, ಆದರೂ ದೀಪದ ಬುಡದಲ್ಲಿ ಕತ್ತಲೆ. ಅದಿರಲಿ.

ಹೊಸ ಯುಪಿಎಸ್ ಕೊಳ್ಳಲು ಬಂದವರ ಮೊದಲ ಪ್ರಶ್ನೆ, “ಇದು ಎಷ್ಟು ಹೊತ್ತು ಬರುತ್ತೆ?” ನಾನು ತಿರುಗಿ ಕೇಳುತ್ತೇನೆ, “ನಿಮ್ಮ ಸಿಸ್ಟಮ್ ಎಷ್ಟು ವ್ಯಾಟ್ ತಗೊಳ್ಳುತ್ತೆ? ಸಂಜೆ ಹೊತ್ತು ಮನೇಲಿ ವೋಲ್ಟೇಜ್ ಎಷ್ಟಿರುತ್ತೆ?” ಕಾಫಿ ಕೇಳಿದವರ ಹತ್ತಿರ ಗೋತ್ರ ವಿಚಾರಿಸಿದ ಹಾಗೆ ನನ್ನ ಮುಖ ನೋಡುತ್ತಾರೆ. ಆದರೆ ಈ ಎರಡು ಗೊತ್ತಿಲ್ಲದೆ ಹೊತ್ತಿನ ಲೆಕ್ಕ ಹೇಳುವ ಅಂಗಡಿಯವನು ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ ಅಂತಲೇ ಇಟ್ಟುಕೊಳ್ಳಿ.

ಮೊದಲು ವ್ಯಾಟ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 600 ವಿಎ (ವೋಲ್ಟ್-ಆಂಪಿಯರ್) ಅಂತ ಇರುತ್ತದೆ. ಅದು 600 ವ್ಯಾಟ್ ಅಲ್ಲ. ಹಿಂದಿನ ಚೀಟಿಯಲ್ಲಿ ಸಣ್ಣದಾಗಿ 360 ವ್ಯಾಟ್ ಅಂತ ಬರೆದಿರುತ್ತದೆ, ನಮಗೆ ಬೇಕಾದದ್ದು ಆ ಸಂಖ್ಯೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಾಮೂಲಿ ಡೆಸ್ಕ್‌ಟಾಪ್, ಟೈಪಿಂಗ್ ಅಥವಾ ಲೆಕ್ಕಪತ್ರದ ಕೆಲಸಕ್ಕೆ, 50ರಿಂದ 80 ವ್ಯಾಟ್ ಎಳೆಯುತ್ತದೆ. 22 ಇಂಚಿನ ಎಲ್‌ಇಡಿ ಮಾನಿಟರ್‌ಗೆ ಇನ್ನೊಂದು 20-25. ಒಟ್ಟು 100 ವ್ಯಾಟ್ ಅಂತಿಟ್ಟುಕೊಳ್ಳಿ. ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬ) ಮೇಲೆ 450 ವ್ಯಾಟ್ ಅಂತ ಇದೆಯಲ್ಲ ಸಾರ್ ಅಂತ ಹೆದರುವವರಿದ್ದಾರೆ. ಅದು ಅದರ ತಾಕತ್ತು, ಖರ್ಚಲ್ಲ. ಹಂಡೆ ದೊಡ್ಡದಿದ್ದ ಮಾತ್ರಕ್ಕೆ ಸ್ನಾನಕ್ಕೆ ಅಷ್ಟೂ ನೀರು ಬೇಕಾಗುವುದಿಲ್ಲ, ಅಲ್ವಾ? ಗೇಮ್ ಆಡುವ ಹುಡುಗರ ಸಿಸ್ಟಮ್ ಬೇರೆ ಲೆಕ್ಕ. ಅದು ಆಟದ ಹೊತ್ತಿಗೆ 300-400 ವ್ಯಾಟ್ ದಾಟುತ್ತದೆ, ಅದಕ್ಕೆ 600 ವಿಎ ತಗೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಈಗ ಹೊತ್ತು. 600 ವಿಎ ಡಬ್ಬದ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 7 ಎಎಚ್‌ನ (ಆಂಪಿಯರ್-ಗಂಟೆ) ಒಂದೇ ಒಂದು ಬ್ಯಾಟರಿ. 12ಕ್ಕೆ 7 ಗುಣಿಸಿದರೆ 84 ವ್ಯಾಟ್-ಗಂಟೆ, ಹಾಗಾದರೆ 100 ವ್ಯಾಟ್‌ಗೆ 50 ನಿಮಿಷ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ಬರುವುದಿಲ್ಲ. 7 ಎಎಚ್ ಅನ್ನುವುದು 20 ಗಂಟೆ ಹೊತ್ತು ಹನಿಹನಿಯಾಗಿ ಎಳೆದಾಗ ಸಿಗುವ ಲೆಕ್ಕ. 100 ವ್ಯಾಟ್ ಲೋಡಿಗೆ ಬೇಕಾಗುವ ಹಾಗೆ ಒಂದೇ ಸಲಕ್ಕೆ 10 ಆಂಪಿಯರ್ ಎಳೆದರೆ ಅದು ಅರ್ಧದ ಆಸುಪಾಸು ಕೊಟ್ಟು ಮಲಗುತ್ತದೆ. ಹೊಸ ಬ್ಯಾಟರಿಯಲ್ಲಿ 100 ವ್ಯಾಟ್‌ಗೆ 20 ನಿಮಿಷದ ಆಸುಪಾಸು, ಎರಡು ವರ್ಷವಾದ ಮೇಲೆ ಐದಾರು ನಿಮಿಷ. ಫೈಲ್ ಸೇವ್ ಮಾಡಿ ಸಿಸ್ಟಮ್ ಆಫ್ ಮಾಡಲು ಅಷ್ಟು ಸಾಕು. ಯುಪಿಎಸ್ ಇರುವುದೇ ಅದಕ್ಕೆ. ಕರೆಂಟ್ ಇಲ್ಲದಾಗಲೂ ಎರಡು ತಾಸು ಕೆಲಸ ಆಗಬೇಕು ಅಂದರೆ ಇನ್ವರ್ಟರ್ ತಗೊಳ್ಳಿ, ಇಲ್ಲವೇ ಲ್ಯಾಪ್‌ಟಾಪ್.

ಇನ್ವರ್ಟರ್ ಅಂದ ಕೂಡಲೇ ವೋಲ್ಟೇಜಿನ ವಿಷಯಕ್ಕೆ ಬರಬೇಕು. ನಮ್ಮ ಕಡೆ ನಿಜವಾದ ತಲೆನೋವು ಅದೇ.

ಹೋದ ವರ್ಷ ಒಂದು ಅಡಿಕೆ ತೋಟದ ಮನೆಯಿಂದ ಫೋನ್ ಬಂತು. ಆ ಮನೆಯಲ್ಲಿ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತಾಳೆ. ದೊಡ್ಡ ಟ್ಯೂಬುಲರ್ ಬ್ಯಾಟರಿಯ ಒಳ್ಳೆಯ ಇನ್ವರ್ಟರ್ ಇದೆ. ಆದರೂ ರಾತ್ರಿ ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಎಲ್ಲ ಆಫ್. “ಬ್ಯಾಟರಿ ಹೋಗಿದೆ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ರೇ, ತಗೊಂಡು ಒಂದು ವರ್ಷ ಆಗಿಲ್ಲ” ಅಂತ ಅವರ ತಂದೆಯ ಗೋಳು. ನಾನು ಬೇಕೆಂತಲೇ ಸಂಜೆ ಹೋದೆ. ಮನೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಬಲು ದೂರ, ಲೈನಿನ ಕಟ್ಟಕಡೆ. ಪ್ಲಗ್‌ಗೆ ಮಲ್ಟಿಮೀಟರ್ ಇಟ್ಟರೆ 190. ಸ್ವಲ್ಪ ಹೊತ್ತಿಗೆ ತ್ರೀ ಫೇಸ್ ಬಂತು, ಸುತ್ತಲಿನ ತೋಟಗಳ ಮೋಟರ್‌ಗಳೆಲ್ಲ ಶುರುವಾದವು, ಮೀಟರ್ 165ಕ್ಕೆ ಇಳಿಯಿತು. ಇರಬೇಕಾದದ್ದು 230. ಅಷ್ಟರಲ್ಲಿ ಇನ್ವರ್ಟರ್ ‘ಟಕ್’ ಅಂದಿತು. ಫ್ಯಾನ್ ತಿರುಗುತ್ತಲೇ ಇತ್ತು, ಲೈಟ್ ಉರಿಯುತ್ತಲೇ ಇತ್ತು, ಯಾರಿಗೂ ಏನೂ ಗೊತ್ತಾಗಲಿಲ್ಲ.

ಆದದ್ದು ಇಷ್ಟೇ. ಇನ್ವರ್ಟರ್‌ನ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಮೋಡ್. ಕಂಪ್ಯೂಟರ್ ಇದೆಯಲ್ಲ ಅಂತ ಯುಪಿಎಸ್ ಕಡೆಗೆ ಹಾಕಿದ್ದರು. ಆ ಮೋಡ್‌ನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ 180ಕ್ಕಿಂತ ಕೆಳಗೆ ಹೋದರೆ ಇನ್ವರ್ಟರ್ ಲೈನ್ ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಅಂದರೆ ಸಂಜೆಯಿಂದ ಇಡೀ ಮನೆ ಬ್ಯಾಟರಿ ಮೇಲೆ ನಡೆಯುತ್ತಿತ್ತು. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಅದರಲ್ಲಿ ಉಳಿದದ್ದು ತಳದ ಗಸಿ ಮಾತ್ರ.

ಹೊಸ ಬ್ಯಾಟರಿ ಬೇಡ ಅಂದೆ. ಇನ್ವರ್ಟರನ್ನು ನಾರ್ಮಲ್ ಮೋಡ್‌ಗೆ ತಿರುಗಿಸಿದೆ. ಅಲ್ಲಿ ಅದು ಇನ್ನೂ ಕಡಿಮೆ ವೋಲ್ಟೇಜನ್ನೂ ಸಹಿಸಿಕೊಳ್ಳುತ್ತದೆ. ಬದಲಾಗುವಾಗ ಮಾತ್ರ ಕಣ್ಣು ಮಿಟುಕಿಸುವಷ್ಟು ತಡ. ಫ್ಯಾನ್‌ಗೆ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಅಷ್ಟೇ ಸಾಕು. ಅದಕ್ಕೆ ಕಂಪ್ಯೂಟರ್‌ಗೆ ಮಾತ್ರ ಒಂದು 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿದೆ, ಇನ್ವರ್ಟರ್‌ನ ಲೈನಿನಲ್ಲೇ. ಈ ಜಾತಿಯದರಲ್ಲಿ ಎವಿಆರ್ ಅಂತ ಇರುತ್ತದೆ, ಒಂದು ಪುಟ್ಟ ಸ್ಟೆಬಿಲೈಸರ್. 165 ಬಂದರೂ ಬ್ಯಾಟರಿ ಮುಟ್ಟದೆ ಅದನ್ನೇ ಎತ್ತಿ 190ರ ಮೇಲೆ ಕೊಡುತ್ತದೆ. ಚೀಟಿಯಲ್ಲಿ 140ರಿಂದ 300 ವೋಲ್ಟ್ ಅಂತ ಇನ್‌ಪುಟ್ ರೇಂಜ್ ಬರೆದಿದ್ದರೆ ಹಳ್ಳಿಮನೆಗೆ ಅದೇ ಸರಿ. ಒಂದು ಎಚ್ಚರಿಕೆ: ನುಣುಪಿಲ್ಲದ ಚೌಕ ಅಲೆಯ ಕರೆಂಟ್ ಕೊಡುವ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಅದರ ಕರೆಂಟನ್ನು ಕೆಲವು ಯುಪಿಎಸ್‌ಗಳು ಕರೆಂಟ್ ಅಂತಲೇ ಒಪ್ಪುವುದಿಲ್ಲ. ಕೂಗುತ್ತಾ ಕೂಗುತ್ತಾ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ. ಸೈನ್ ವೇವ್ ಇನ್ವರ್ಟರ್ ಜೊತೆ ಈ ಜಗಳ ಇಲ್ಲ.

ಲೋ ವೋಲ್ಟೇಜಿನ ಇನ್ನೊಂದು ಕಿತಾಪತಿ ಬಹಳ ಜನರಿಗೆ ಗೊತ್ತಿಲ್ಲ. ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಕಂಪ್ಯೂಟರನ್ನು ಹಿಡಿದಿಡುವುದು ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್. ಅಗ್ಗದ ಎಸ್‌ಎಂಪಿಎಸ್‌ಗೆ 230ರ ಬದಲು 165 ಬಂದರೆ ಆ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ‘ಯುಪಿಎಸ್ ಇದ್ರೂ ಸಂಜೆ ಮಾತ್ರ ರೀಸ್ಟಾರ್ಟ್ ಆಗುತ್ತೆ’ ಅನ್ನುವ ದೂರಿನ ಬೇರು ಎಷ್ಟೋ ಸಲ ಇಲ್ಲೇ. ಎವಿಆರ್ ಇರುವ ಯುಪಿಎಸ್ ಹಾಕಿದ ಮೇಲೂ ಹೀಗೇ ಆದರೆ ಎಸ್‌ಎಂಪಿಎಸ್ ಬದಲಿಸಬೇಕು.

ಹಾಗಂತ ದುಬಾರಿ ಎಸ್‌ಎಂಪಿಎಸ್ ಹಾಕಿದವರಿಗೆ ಬೇರೆಯದೇ ಪೀಕಲಾಟ. ಕರೆಂಟ್ ಕಡಿಮೆ ಪೋಲು ಮಾಡುತ್ತವೆ ಅನ್ನುವ 80 ಪ್ಲಸ್ ಮುದ್ರೆಯ ಹೊಸವುಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅಂತ, ಲೈನಿನಿಂದ ಕರೆಂಟನ್ನು ಸಮನಾಗಿ ಎಳೆಯುವ ಸರ್ಕ್ಯೂಟ್ ಇರುತ್ತದೆ. ಅವಕ್ಕೆ ನುಣುಪಾದ ಸೈನ್ ವೇವ್ ಕರೆಂಟ್ ಇಷ್ಟ. ಮಾಮೂಲಿ ಯುಪಿಎಸ್ ಬ್ಯಾಟರಿಯಿಂದ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಬಹಳ ಸಲ ನಡೆದುಹೋಗುತ್ತದೆ. ಕೆಲವು ಸಲ ಮಾತ್ರ ಲೋಡ್ ಕಡಿಮೆ ಇದ್ದರೂ ಯುಪಿಎಸ್ ಓವರ್‌ಲೋಡ್ ಅಂತ ಕಿರುಚಿ ಆಫ್ ಆಗುತ್ತದೆ. ಅಂಥವರು ಪ್ಯೂರ್ ಸೈನ್ ವೇವ್ ಯುಪಿಎಸ್ ತಗೋಬೇಕು, ಜಾಸ್ತಿ ದುಡ್ಡು ಕೊಡಬೇಕು, ಬೇರೆ ದಾರಿ ಇಲ್ಲ. ಕೊಳ್ಳುವ ಮುಂಚೆ ನಿಮ್ಮ ಸಿಪಿಯು ಹೊತ್ತುಕೊಂಡು ಹೋಗಿ ಅಂಗಡಿಯಲ್ಲೇ ಪ್ಲಗ್ ಕಿತ್ತು ನೋಡಿ. ನಾನಂತೂ ಬೇಡ ಅನ್ನುವುದಿಲ್ಲ. ಆನ್‌ಲೈನ್ ಯುಪಿಎಸ್ ಅಂತ ಇನ್ನೂ ದೊಡ್ಡದು ಇದೆ, ಬ್ಯಾಂಕಿಗೆ ಸರಿ, ಮನೆಗೆ ಬೇಡ. ಅದರ ಫ್ಯಾನಿನ ಸದ್ದಿಗೆ ನಿದ್ದೆ ಬರುವುದಿಲ್ಲ.

ಬ್ಯಾಟರಿ ಎರಡು, ಹೆಚ್ಚೆಂದರೆ ಮೂರು ವರ್ಷ ಬರುತ್ತದೆ. ಅದು ಹೋದರೆ ಯುಪಿಎಸ್ ಹೋಯಿತು ಅಂತ ಇಡೀ ಡಬ್ಬ ಗುಜರಿಗೆ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬರೀ ಬ್ಯಾಟರಿಗೆ ಸಾವಿರ ರೂಪಾಯಿ ಆಸುಪಾಸು. ಮೀಟರ್ ಹಿಡಿದು 12.6 ತೋರಿಸುತ್ತಿದೆ, ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಟೇಬಲ್ ಮೇಲೆ ಕಾರಿನ ಹಳೇ ಹೆಡ್‌ಲೈಟ್ ಬಲ್ಬ್ ಒಂದಿದೆ, 55 ವ್ಯಾಟಿನದು, ಎರಡು ವೈರ್ ಬೆಸುಗೆ ಹಾಕಿಟ್ಟಿದ್ದೇನೆ. ಅದನ್ನು ಬ್ಯಾಟರಿಗೆ ಹಚ್ಚಿ ಕೂರುವುದು. ಗಟ್ಟಿ ಬ್ಯಾಟರಿ ಅರ್ಧ ಗಂಟೆಗೂ ಮೇಲೆ ಉರಿಸುತ್ತದೆ. ಸತ್ತದ್ದು ಮೊದಲು 12.6 ತೋರಿಸಿದ್ದರೂ, ಬಲ್ಬ್ ಹಚ್ಚಿದ ಎರಡೇ ನಿಮಿಷಕ್ಕೆ 10ಕ್ಕೆ ಬೀಳುತ್ತದೆ, ಬೆಳಕು ಕೆಂಪಾಗುತ್ತದೆ. ಗಿರಾಕಿಯ ಎದುರೇ ಮಾಡಿ ತೋರಿಸಿದರೆ ವಾದವೇ ಇಲ್ಲ. ಹೊಸದು ತಗೊಳ್ಳುವಾಗ ಎರಡು ನೋಡಿ. ತಯಾರಾದ ತಿಂಗಳು, ಯಾಕೆಂದರೆ ಅಂಗಡಿ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಬ್ಯಾಟರಿ ಕೂತಲ್ಲೇ ಅರ್ಧ ಸಾಯುತ್ತದೆ. ಆಮೇಲೆ ತೂಕ. 7 ಎಎಚ್ ಅಂದರೆ ಹೆಚ್ಚುಕಡಿಮೆ 2 ಕೆಜಿ ಇರಬೇಕು. ಒಂದೂವರೆ ಕೆಜಿ ಇದ್ದರೆ ಒಳಗೆ ಸೀಸ ಕಡಿಮೆ, ಬಣ್ಣದ ಸ್ಟಿಕ್ಕರ್ ಜಾಸ್ತಿ. ಹಳೇದನ್ನು ಕಸಕ್ಕೆ ಹಾಕಬೇಡಿ, ಅಂಗಡಿಯವರೇ ವಾಪಸ್ ತಗೊಂಡು ಏನಾದರೂ ಕಳೆಯುತ್ತಾರೆ.

ಯುಪಿಎಸ್ಸನ್ನು ಮೇಜಿನ ಕೆಳಗೆ ಗೋಡೆಗೆ ಒತ್ತಿ ಇಡಬೇಡಿ. ಬಿಸಿ ಹೆಚ್ಚಾದಷ್ಟೂ ಬ್ಯಾಟರಿ ಆಯಸ್ಸು ಕಡಿಮೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಹಲ್ಲಿ ಒಳಗೆ ಸೇರುತ್ತದೆ, ರಿಲೇ ಸುತ್ತ ಇರುವೆ ಗೂಡು ಕಟ್ಟುತ್ತದೆ. ಬೋರ್ಡ್ ಮೇಲೆ ಅಂಟಿಕೊಂಡ ಹಲ್ಲಿಯನ್ನು ಚಿಮಟದಲ್ಲಿ ಕಿತ್ತದ್ದು ನನಗೇ ಲೆಕ್ಕ ತಪ್ಪಿದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಲೇಬೇಡಿ. ಅದರೊಳಗಿನ ಹೀಟರ್ ಇಸ್ತ್ರಿಪೆಟ್ಟಿಗೆಯಷ್ಟು ಎಳೆಯುತ್ತದೆ. ಗುಡುಗು ಶುರುವಾದರೆ ಯುಪಿಎಸ್ ಇದೆಯಲ್ಲ ಅಂತ ಕೂರಬೇಡಿ, ಗೋಡೆಯ ಪ್ಲಗ್ ಕೀಳಿ, ನೆಟ್‌ವರ್ಕ್ ಕೇಬಲ್ಲನ್ನೂ ಕೀಳಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ನಿಮ್ಮ ಮನೆಯ ಅರ್ತಿಂಗ್ ಸರಿಯಿಲ್ಲ. ಯುಪಿಎಸ್‌ಗೆ ಮುಂಚೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಇನ್ನು ಲ್ಯಾಪ್‌ಟಾಪ್ ಇರುವವರು. ನಿಮಗೆ ಇದ್ಯಾವುದೂ ಬೇಡ, ಬ್ಯಾಟರಿ ಅದರ ಹೊಟ್ಟೆಯಲ್ಲೇ ಇದೆ. ನಿಮಗೆ ಬೇಕಾದದ್ದು ರೂಟರ್‌ಗೆ ಹಾಕುವ ಅಂಗೈಯಗಲದ ಮಿನಿ ಯುಪಿಎಸ್. ‘ಎಷ್ಟು ಹೊತ್ತು ಬರುತ್ತೆ?’ ಅಂತ ಕೇಳಬೇಕಾದ ಜಾಗ ಇದು. ಒಳಗೆ 2000 ಎಂಎಎಚ್‌ನ ಮೂರು ಲಿಥಿಯಂ ಸೆಲ್ ಇದ್ದರೆ 10 ವ್ಯಾಟಿನೊಳಗಿನ ರೂಟರ್‌ಗೆ ಎರಡು ತಾಸು. ಅಷ್ಟು ಹೊತ್ತು ಕೇಬಲ್‌ನವರ ಕಡೆಯ ಬಾಕ್ಸಿಗೂ ಕರೆಂಟ್ ಇರಬೇಕು, ಅದು ನಿಮ್ಮ ಕೈಯಲ್ಲಿಲ್ಲ, ಒಂದು ಮಾತು ಮೊದಲೇ ಕೇಳಿಕೊಂಡಿರಿ. ಹೆಚ್ಚಿನ ರೂಟರ್‌ಗಳು 12 ವೋಲ್ಟಿನವು, ಆದರೆ 9 ಮತ್ತು 5 ವೋಲ್ಟಿನವೂ ಇವೆ. ಪಿನ್ ನೋಡಲು ಒಂದೇ ಥರ ಇದ್ದು, 9ರದಕ್ಕೆ 12 ಚುಚ್ಚಿ ಸುಟ್ಟುಕೊಂಡು ಬಂದವರು ತಿಂಗಳಿಗೊಬ್ಬರು ಸಿಗುತ್ತಾರೆ. ಅಡಾಪ್ಟರ್ ಮೇಲಿನ ಬರಹದ ಒಂದು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.