ಐವತ್ತಾರರ ಫೈರ್‌ಮನ್ ಬಾವಿಗೆ ಇಳಿಯಬಹುದೇ?

ಬೇಸಿಗೆ ಬಂತೆಂದರೆ ಕಾಸರಗೋಡು, ಉಪ್ಪಳದ ಫೈರ್ ಸ್ಟೇಷನ್‌ಗಳಲ್ಲಿ ಪುರುಸೊತ್ತೇ ಇರುವುದಿಲ್ಲ. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮುಳಿಹುಲ್ಲಿಗೆ ಕಿಡಿ ತಾಗುತ್ತದೆ. ಅಷ್ಟರಲ್ಲಿ ಎಲ್ಲೋ ದನ ಬಾವಿಗೆ ಬಿದ್ದಿರುತ್ತದೆ. ಕೇರಳ ಸರ್ಕಾರದ ಕೆಲಸಕ್ಕೆ 2013ರ ಏಪ್ರಿಲ್‌ಗಿಂತ ಮೊದಲು ಸೇರಿದವರಿಗೆ 56ಕ್ಕೆ ನಿವೃತ್ತಿ, ಆಮೇಲೆ ಸೇರಿದವರಿಗೆ 60ಕ್ಕೆ. ಈ ನಾಲ್ಕು ವರ್ಷದ ವ್ಯತ್ಯಾಸ ಪಿಂಚಣಿಯ ಲೆಕ್ಕದ್ದು. ಇಬ್ಬರೂ ಬೆನ್ನಿಗೆ ಹೊರುವ ಉಸಿರಾಟದ ಗಾಳಿಯ ಸಿಲಿಂಡರಿನ ತೂಕ ಒಂದೇ ಅಲ್ವಾ? ಆರೋಗ್ಯವೂ ಮನಸ್ಸೂ ಇರುವವರನ್ನು ಉಳಿಸಿಕೊಳ್ಳಬೇಕು ಎಂದೇ ನಾನು ಹೇಳುತ್ತೇನೆ. ಆದರೆ ದೇಹವನ್ನು ಅಳೆದು ನೋಡಿಯೇ.

ಅಳೆಯಬೇಕಾದದ್ದು ಮುಖ್ಯವಾಗಿ ಹೃದಯವನ್ನು. ಅದರ ಗರಿಷ್ಠ ಬಡಿತ 25ರ ವಯಸ್ಸಿನಲ್ಲಿ ನಿಮಿಷಕ್ಕೆ ಸುಮಾರು 190 ಇದ್ದರೆ, 56ರಲ್ಲಿ ಸುಮಾರು 169. ದೇಹ ಆಮ್ಲಜನಕ ಬಳಸುವ ಶಕ್ತಿಯೂ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 10ರಷ್ಟು ಇಳಿಯುತ್ತದೆ. ನಿತ್ಯ ವ್ಯಾಯಾಮ ಮಾಡುವವರಲ್ಲಿ ಈ ಇಳಿತ ನಿಧಾನ. ಬೆಂಕಿ ಆರಿಸುವವರ ದೇಹ ನಿಮಿಷಕ್ಕೆ, ತೂಕದ ಪ್ರತಿ ಕಿಲೋಗೆ, 42 ಮಿಲಿಲೀಟರ್ ಆಮ್ಲಜನಕ ಬಳಸುವಂತಿರಬೇಕು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆ. ಬಿಸಿಯಲ್ಲಿ ಬೆವರು ಹರಿದು ರಕ್ತ ಗಟ್ಟಿಯಾಗುತ್ತದೆ, ಹೆಪ್ಪುಗಟ್ಟುವ ಗುಣವೂ ಜಾಸ್ತಿಯಾಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಕರ್ತವ್ಯದಲ್ಲಿದ್ದಾಗ ಹೃದ್ರೋಗದಿಂದ ಸತ್ತ ಫೈರ್‌ಮನ್‌ಗಳಲ್ಲಿ ಶೇ. 32 ಮಂದಿ ಬೆಂಕಿ ಆರಿಸುವಾಗಲೇ ಸತ್ತಿದ್ದರು. ಆ ಕೆಲಸಕ್ಕೆ ಹೋಗುವುದು ಅವರ ವರ್ಷದ ದುಡಿಮೆಯಲ್ಲಿ ಶೇ. 1ರಿಂದ 5ರಷ್ಟು ಸಮಯ ಮಾತ್ರ!

ಇನ್ನು ಅನುಭವ. ನಮ್ಮ ಕಡೆಯ ಆಳದ ಬಾವಿಗಳಲ್ಲಿ ಗಾಳಿ ಆಡುವುದು ಕಡಿಮೆ. ಇಳಿದವನೊಬ್ಬ ಕುಸಿದರೆ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಕುಸಿಯುತ್ತಾನೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು ಹಳೆಯ ಕ್ರಮ. ಆಮ್ಲಜನಕ 21ರಿಂದ ಶೇ. 16ರ ಸುಮಾರಿಗೆ ಇಳಿದರೆ ದೀಪ ಆರುತ್ತದೆ. ಆದರೆ ಬಾವಿಯೊಳಗೆ ಡೀಸೆಲ್ ಪಂಪ್ ಓಡಿಸಿದ್ದರೆ ದೀಪ ಚೆನ್ನಾಗಿ ಉರಿಯುತ್ತಿದ್ದರೂ ಕಾರ್ಬನ್ ಮೊನಾಕ್ಸೈಡ್ ತುಂಬಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪಳಗಿದವರು ಹಗ್ಗ ಬಿಚ್ಚುವ ಮೊದಲೇ ಮನೆಯವರನ್ನು ಕೇಳುತ್ತಾರೆ: "ಪಂಪ್ ಯಾವಾಗ ಓಡಿಸಿದ್ದು?" ಸುತ್ತ ಜನ ಕೂಗಾಡುವಾಗ ಇದನ್ನು ಕೇಳಲು ತಾಳ್ಮೆ ಬೇಕು. ಅದು ಸುಮ್ನೆ ಬರುವುದಿಲ್ಲ.

ಹಾಗಾಗಿ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಗೆದ್ದವರು 56 ಕಳೆದರೂ ಇಳಿಯಲಿ. ಸೋತವರು ಬಾವಿಕಟ್ಟೆಯ ಮೇಲೆ ನಿಂತು ಕಿರಿಯರನ್ನು ಇಳಿಸಲಿ. ಈ ಪರೀಕ್ಷೆ ನಿವೃತ್ತಿಯ ಹೊತ್ತಿಗೆ ಮಾಡಿದರೆ ಸಾಲದು, ನಲವತ್ತಕ್ಕೇ ಶುರುವಾಗಬೇಕು. ರಕ್ತನಾಳ ಕಟ್ಟಿಕೊಂಡ 42ರ ಫೈರ್‌ಮನ್‌ಗೆ ನಿವೃತ್ತಿ ಇನ್ನೂ ದೂರ. ಇಂದಿನ ನಿಯಮದಲ್ಲಿ ಅವನನ್ನು ತಡೆಯಲು ವಯಸ್ಸಿನ ಮಿತಿಯಿಂದ ಆಗುವುದಿಲ್ಲ.