ನಿರ್ವಾಣ ಬೇಕು ಅನ್ನೋದೂ ಆಸೆ ಅಲ್ಲೇನ್ರಿ?

ಈ ಸಲ ಪತ್ರ ಬರೆದು ಕೇಳಿದವರು ಜಮಖಂಡಿಯ ಓದುಗರು. ಹೋದ ತಿಂಗಳು ಗೋಕಾಕದವರು, ಅದಕ್ಕೂ ಮೊದಲು ಇಂಡಿಯವರು. ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ: "ಸರ್, ಆಸೆಯೇ ದುಃಖಕ್ಕೆ ಮೂಲ ಅಂತ ಬುದ್ಧ ಹೇಳ್ಯಾನ. ಹಂಗಾದ್ರ ನಿರ್ವಾಣ ಬೇಕು ಅನ್ನೋದೂ ಒಂದು ಆಸೇನ ಅಲ್ಲೇನ್ರಿ?" ಪ್ರಶ್ನೆಯ ಹಿಂದೆ ಒಂದು ಸಣ್ಣ ನಗೆ. ಬುದ್ಧನನ್ನೇ ಸಿಕ್ಕಿಸಿ ಹಾಕಿದೆ ಎಂಬ ನಗೆ.

ಆ ಕೆಲಸಕ್ಕೆ ನಿಮಗಿಂತ ಮೊದಲೇ ಒಬ್ಬ ಬಂದು ಹೋಗಿದ್ದಾನೆ. ಉಣ್ಣಾಭನೆಂಬ ಬ್ರಾಹ್ಮಣ ಕೌಶಾಂಬಿಯ ಘೋಷಿತಾರಾಮ ಎಂಬ ವಿಹಾರದಲ್ಲಿ ಬುದ್ಧನ ಶಿಷ್ಯ ಆನಂದನನ್ನು ಕಂಡು ಇದನ್ನೇ ಕೇಳಿದ ಸಂಗತಿ, ಬುದ್ಧನ ಉಪದೇಶಗಳ ಪಾಳಿ ಭಾಷೆಯ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ. ಬಯಕೆಯನ್ನು ಬಯಕೆಯಿಂದಲೇ ಬಿಡುವುದಾದರೆ ಇದಕ್ಕೆ ಕೊನೆಯೆಲ್ಲಿ ಎಂದು ಅವನ ವಾದ. ಆನಂದ ತಿರುಗಿ ಕೇಳಿದ: ಈ ವಿಹಾರಕ್ಕೆ ಬರಬೇಕೆಂಬ ಬಯಕೆ ನಿನಗೆ ಮೊದಲು ಇತ್ತಲ್ಲವೇ? ಇತ್ತು. ಬಂದು ತಲುಪಿದ ಮೇಲೆ ಅದು ಏನಾಯಿತು? ಶಮನವಾಯಿತು. ಉಣ್ಣಾಭ ಮುಂದೆ ವಾದ ಮಾಡಲಿಲ್ಲ.

ಐಹೊಳೆಯ ಮೇಗುಟಿ ಗುಡ್ಡ ಹತ್ತಿದವರಿಗೆ ಇದು ಬೇಗ ತಿಳಿಯುತ್ತದೆ. ಕೆಳಗೆ ನಿಂತಾಗ ಮೇಲೆ ಹೋಗಬೇಕು ಅನ್ನಿಸುತ್ತದೆ, ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲೇರುತ್ತೀರಿ. ನಡುದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ; ಮೇಲಂತಸ್ತಿನ ಚಾವಣಿಯಲ್ಲಿ ಕುಳಿತ ಬುದ್ಧನ ಕೆತ್ತನೆ. ಅದನ್ನು ನೋಡಿ, ಉಸ್ಸಪ್ಪಾ ಅಂತ ಕುಂತ ಮೇಲೆ "ಗುಡ್ಡ ಹತ್ತಬೇಕು" ಎಂಬ ಆ ಬೇಕು ಎಲ್ಲಿ ಹೋಯಿತು? ಯಾರೂ ಅದನ್ನು ಗುದ್ದಾಡಿ ಓಡಿಸಲಿಲ್ಲ. ಕೆಲಸ ತೀರಿತು, ಅದೂ ತೀರಿತು.

ಕೇಳಿದ್ದಕ್ಕೆ ಉತ್ತರ ಇಷ್ಟೇ. ನನ್ನ ತಕರಾರು ಪ್ರಶ್ನೆಯ ಮೊದಲ ಅರ್ಧದ ಮೇಲೆ. ಸಾಲಿ ಗೋಡೆ, ಕ್ಯಾಲೆಂಡರು, ಟಂಟಂ ಹಿಂಭಾಗ, ಎಲ್ಲ ಕಡೆ ಬರೆದಿರುವ ಆ ಸಾಲನ್ನು ಬುದ್ಧ ಹೇಳಿಲ್ಲ. ಎಷ್ಟು ಸಲ ಹೇಳಬೇಕೋ!

ಅವನು ಹೇಳಿದ ಪದ "ತಣ್ಹಾ". ಸಂಸ್ಕೃತದಲ್ಲಿ ತೃಷ್ಣಾ. ಆಸೆ ಅಲ್ಲ, ನೀರಡಿಕೆ. ಬೆಂಗಳೂರಿನವರಿಗೆ ಬಾಯಾರಿಕೆ ಎಂದು ಬಿಡಿಸಿ ಹೇಳಬೇಕಾದೀತು, ನಮ್ಮ ಕಡೆ ನೀರಡಿಕಿ ಅಂದರೆ ಕೂಸಿಗೂ ತಿಳಿಯುತ್ತದೆ. ಅದೂ ಎಂಥ ನೀರಡಿಕೆ? ಹೊಲದಿಂದ ಬಂದವನು ಒಂದು ತಂಬಿಗೆ ಕುಡಿದರೆ ಆರುವಂಥದ್ದಲ್ಲ. ಖಾರದ ಮಿರ್ಚಿ ತಿಂದು ನೀರು ಕುಡಿಯುತ್ತೀರಲ್ಲ, ಕುಡಿದಷ್ಟೂ ಬಾಯಿ ಉರಿಯುತ್ತದಲ್ಲ, ಆ ಜಾತಿಯದು. ಅದಕ್ಕೆ ಕನ್ನಡದಲ್ಲಿ ಹಪಹಪಿ ಎಂಬ ಚಂದದ ಮಾತೇ ಇದೆ. "ಹಪಹಪಿಯಿಂದ ದುಃಖ ಹುಟ್ಟುತ್ತದೆ" ಎಂದು ಬರೆದಿದ್ದರೆ ಈ ಪತ್ರಗಳಲ್ಲಿ ಅರ್ಧದಷ್ಟು ನನಗೆ ಬರುತ್ತಲೇ ಇರಲಿಲ್ಲ.

ಆಸೆ ಎಂಬ ಪದ ಬಂದದ್ದು ಸಂಸ್ಕೃತದ ಆಶಾದಿಂದ. ಅದರ ಹೊಟ್ಟೆಯಲ್ಲಿ ಭರವಸೆಯೂ ಇದೆ. ಅದರ ಎದುರು ಪದ ನಿರಾಶೆ. ಆಸೆಯೇ ದುಃಖವಾದರೆ ನಿರಾಶೆಯೇ ಸುಖವೇನು?

ಪಾಳಿಯಲ್ಲಿ ಬಯಕೆಗೆ ಬೇರೆ ಪದಗಳಿವೆ, ಅವುಗಳಲ್ಲಿ ಛಂದ ಒಂದು. ಅದು ಎರಡೂ ಕಡೆ ವಾಲುತ್ತದೆ. ಕಾಮಛಂದ, ಅಂದರೆ ಇಂದ್ರಿಯಸುಖದ ಬಯಕೆ, ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಮೊದಲನೆಯದು. ಆದರೆ ಒಳ್ಳೆಯದನ್ನು ಬೆಳೆಸಬೇಕೆಂಬ ಛಂದ ಇಲ್ಲದೆ ಬುದ್ಧ ಹೇಳಿದ ಎಂಟು ಅಂಗಗಳ ಸಾಧನೆಯ ದಾರಿ, ಅಷ್ಟಾಂಗ ಮಾರ್ಗವೇ ಹೊರಡುವುದಿಲ್ಲ. ಸಮ್ಯಕ್ ವ್ಯಾಯಾಮ (ಸರಿಯಾದ ಪ್ರಯತ್ನ) ಎಂಬ ಆರನೆಯ ಅಂಗವನ್ನು ವಿವರಿಸುವಾಗ ಭಿಕ್ಷು ಮೊದಲು ಮಾಡುವ ಕೆಲಸ ಛಂದವನ್ನು ಹುಟ್ಟಿಸುವುದು, ಆಮೇಲೆ ಪ್ರಯತ್ನ. ಉಣ್ಣಾಭ ಹಿಡಿದುಕೊಂಡ ಪದವೂ ಇದೇ.

ಇನ್ನು ಗೃಹಸ್ಥರ ಮಾತು. ಸಿಗಾಲನೆಂಬ ಹುಡುಗನಿಗೆ ಬುದ್ಧ ಹೇಳಿದ್ದು: ದುಡಿದದ್ದನ್ನು ನಾಲ್ಕು ಪಾಲು ಮಾಡು, ಒಂದನ್ನು ಉಣ್ಣಲು ಉಡಲು ಇಟ್ಟುಕೋ, ಎರಡನ್ನು ಉದ್ಯೋಗಕ್ಕೆ ಹಾಕು, ನಾಲ್ಕನೆಯದನ್ನು ಆಪತ್ತಿಗೆಂದು ಕಾಪಾಡು. ಬೇಕು ಅನ್ನುವುದೇ ಪಾಪ ಎನ್ನುವವನು ಅರ್ಧ ಗಳಿಕೆಯನ್ನು ಮತ್ತೆ ದಂಧೆಗೆ ಹಾಕು ಅಂತಾನೇನು?

ಈ ತಪ್ಪು ನುಡಿ ಬರೀ ಪಂಡಿತರ ಜಗಳವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕಬ್ಬಿನ ಬಿಲ್ಲು ತಿಂಗಳುಗಟ್ಟಲೆ ಬರಲಿಲ್ಲ. ಕೇಳಲು ಹೋದ ನಮ್ಮ ಕಾಕಾನಿಗೆ ಮೇಜಿನ ಆಚೆಗಿದ್ದವರು "ಆಸೆ ಭಾಳ ಇರಬಾರದ್ರೀ ಕಾಕಾ, ಬುದ್ಧ ಹೇಳ್ಯಾನ" ಅಂದರಂತೆ. ಕಾಕಾ ಕೇಳಿದ್ದು ತನ್ನ ಬಾಕಿಯನ್ನು. ಅದು ತಣ್ಹಾ ಅಲ್ಲ, ಲೆಕ್ಕ.

ಬುದ್ಧ ಮೊದಲ ಉಪದೇಶದಲ್ಲೇ ತಣ್ಹಾವನ್ನು ಮೂರಾಗಿ ಬಿಡಿಸಿದ. ಇಂದ್ರಿಯಸುಖದ್ದು ಕಾಮತಣ್ಹಾ. ಇರಬೇಕು, ಏನೋ ಆಗಬೇಕು ಎಂಬುದು ಭವತಣ್ಹಾ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ವಿಭವತಣ್ಹಾ, ಇಲ್ಲವಾಗಬೇಕು ಎಂಬ ಹಪಹಪಿ. "ಸಾಕಾಗೇದ, ಏನೂ ಬ್ಯಾಡ, ಯಾರೂ ಬ್ಯಾಡ" ಎಂದು ಬಾಗಿಲು ಹಾಕಿಕೊಂಡವರನ್ನು ನಾವು ವಿರಾಗಿ ಎಂದು ಹೊಗಳುತ್ತೇವೆ. ಅವರು ಇದೇ ನೀರಡಿಕೆಯಲ್ಲಿ ಒಣಗುತ್ತಿರಬಹುದು.

"ಶರಣರೂ ಆಸೆಯನ್ನೇ ಬೈದರಲ್ಲ?" ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ, ನನಗೆ ಗೊತ್ತು. ಬೈದರು. ಆದರೆ ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಏನೆಂದಳು? ಈಸಕ್ಕಿಯಾಸೆ ನಿಮಗೇಕೆ ಎಂದಳು. ಮಾರಯ್ಯ ದಿನದ ಕಾಯಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಿದ್ದ. ಅವಳ ಬೆರಳು ಇದ್ದದ್ದು "ಈಸು" ಎಂಬುದರ ಮೇಲೆ. ಅಕ್ಕಿಯೇ ಬೇಡವೆಂದಿದ್ದರೆ ಆ ಮನೆಯಲ್ಲಿ ದಾಸೋಹ ಹೇಗೆ ನಡೆಯುತ್ತಿತ್ತು?

ಗುಡ್ಡದ ನಡುವೆ ಕುಳಿತಿದ್ದೇವಲ್ಲ, ಪೂರ್ತಿ ಹತ್ತಿಯೇ ಬಿಡೋಣ. ತುದಿಯಲ್ಲಿರುವುದು ಕ್ರಿ.ಶ. 634ರ ಜೈನ ಬಸದಿ, ರವಿಕೀರ್ತಿಯ ಶಾಸನವಿರುವುದು. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಬೆಳಗಾವಿ ಸೀಮೆಯಲ್ಲಿ ಇಷ್ಟು ಬಸದಿಗಳಿದ್ದೂ, ಬಯಕೆಯ ಬಗ್ಗೆ ಜೈನರು ಏನಂತಾರೆ ಎಂದು ನನಗೆ ಒಂದು ಪತ್ರವೂ ಬಂದಿಲ್ಲ. ಅವರ ದಾರಿ ವ್ಯಾಪಾರಸ್ಥರ ಖಾತೆಪುಸ್ತಕದಷ್ಟು ಖಚಿತ. ಶ್ರಾವಕನ, ಅಂದರೆ ಜೈನ ಗೃಹಸ್ಥನ, ಐದನೆಯ ಅಣುವ್ರತ (ಸಣ್ಣ ವ್ರತ) ಪರಿಗ್ರಹ ಪರಿಮಾಣ, ಆಸ್ತಿಗೆ ಮಿತಿ; ಇಚ್ಛಾ ಪರಿಮಾಣ ಎಂದೂ ಕರೆಯುತ್ತಾರೆ. ಹೊಲ ಇಷ್ಟು, ಮನೆ ಇಷ್ಟು, ಬೆಳ್ಳಿ ಬಂಗಾರ ಇಷ್ಟು, ದನ ಧಾನ್ಯ ಇಷ್ಟು ಎಂದು ತಾನೇ ಗೆರೆ ಹಾಕಿಕೊಳ್ಳಬೇಕು. ಇಚ್ಛೆಯನ್ನು ಕೊಲ್ಲು ಅನ್ನಲಿಲ್ಲ ನೋಡಿ, ಅಳತೆ ಮಾಡು ಅಂದರು.

ಉಪವಾಸದಿಂದ ದೇಹ ಬಿಡುವ ಜೈನ ವ್ರತ ಸಲ್ಲೇಖನದಲ್ಲೂ ಅದೇ ಖಚಿತತೆ. ಅನ್ನನೀರು ಬಿಟ್ಟು ಕೂತವನಿಗೆ ಸಾಯುವ ಆಸೆ ಎಂದು ಹೊರಗಿನವರು ಸುಲಭವಾಗಿ ಅಂದುಬಿಡುತ್ತಾರೆ. ಜೈನ ಗ್ರಂಥ ತತ್ತ್ವಾರ್ಥಸೂತ್ರ ಆ ವ್ರತಕ್ಕೆ ಐದು ದೋಷಗಳನ್ನು ಎಣಿಸುತ್ತದೆ: ಇನ್ನೂ ಬದುಕಬೇಕೆಂಬ ಬಯಕೆ, ಬೇಗ ಸಾಯಬೇಕೆಂಬ ಬಯಕೆ, ಗೆಳೆಯರ ಮೋಹ, ಉಂಡ ಸುಖದ ನೆನಪು, ಮುಂದಿನ ಜನ್ಮಕ್ಕೆ ಭೋಗ ಕೇಳುವ ನಿದಾನ. ಬೇಗ ಸಾಯಬೇಕು ಅನ್ನಿಸಿದರೆ ವ್ರತ ಕೆಟ್ಟಿತು. ಮೊದಲೆರಡನ್ನು ಬುದ್ಧನ ಭವ, ವಿಭವಗಳ ಪಕ್ಕದಲ್ಲಿಟ್ಟು ನೋಡಿ. ಒಂದೇ ಗುಡ್ಡದ ಎರಡು ಕಟ್ಟಡಗಳು, ನಡುವೆ ಕೆಲವೇ ಮೆಟ್ಟಿಲು.